ಬ್ಯಾರನ್ ಕಣದಲ್ಲಿ ಗೇರ್ ಆಯಿಲ್ ಬದಲಿಸಿದ ಭಾನುವಾರ

ನಾನು ನಿಂತಿದ್ದದ್ದು ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನಲ್ಲಿ, ಬೋರೇಗೌಡರ ಕಣದಿಂದ ರಸ್ತೆಗೆ ಹತ್ತುವ ಇಳಿಜಾರಿನ ನಡುಮಧ್ಯೆ, ಎಡಗಡೆಯ ಅಂಚಿನಲ್ಲಿ. ಸಂಕ್ರಾಂತಿ ಕಳೆದ ಮೊದಲ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಇಂಜಿನ್ ಚಾಲೂ ಆದ ಕೂಡಲೇ ಗಡಿಯಾರ ನೋಡುವುದು ನನ್ನ ಮೂವತ್ತಾರು ವರ್ಷದ ಅಭ್ಯಾಸ.

ಕೆಳಗಿನಿಂದ ಹತ್ತಿ ಬಂದ ಕಾರು ನನ್ನ ಪಕ್ಕಕ್ಕೆ ಬಂದು ನಿಂತಿತು. ಅದರ ಎಡ ಮುಂಚಕ್ರಕ್ಕೂ ನನಗೂ ಎರಡು ಹೆಜ್ಜೆ ಅಂತರ. ಇಂಜಿನ್ ಕೂಗುತ್ತಿತ್ತು, ಚಕ್ರ ತಿರುಗುತ್ತಿರಲಿಲ್ಲ. ಆಮೇಲೆ ಚಕ್ರ ತಿರುಗಿತು, ಆದರೆ ಹಿಂದಕ್ಕೆ. ಸ್ಟಿಯರಿಂಗ್ ಹಿಡಿದಿದ್ದವರು ಕಾರಿನ ಒಡತಿ ಸಾವಿತ್ರಮ್ಮ. ಇಳಿಜಾರಿನ ಬುಡದಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೋಡೆಗೆ ಒರಗಿ ಬಿಸಿಲು ಕಾಯಿಸುತ್ತ, ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದವರು ಬೋರೇಗೌಡರ ತಾಯಿ ಕೆಂಪಮ್ಮ. ಆ ಕಾರಿಗೆ ಅರ್ಧ ಗಂಟೆ ಮೊದಲು ಹೊಸ ಗೇರ್ ಆಯಿಲ್ ತುಂಬಿದವನು ನಾನು.

ಇದನ್ನು ಬರೆಯುತ್ತಿರುವುದು ಈ ಕೆಲಸಕ್ಕೆ ಈಗ ಕೈ ಹಾಕುತ್ತಿರುವವರಿಗಾಗಿ. ಹುಣಸೂರಿನ ಒಂದು ಗ್ಯಾರೇಜಿನಲ್ಲಿ ಮೂವತ್ತಾರು ವರ್ಷ ದುಡಿದೆ. ನಾನು ಯಾವಾಗ ಮೇಸ್ತ್ರಿಯಾದೆ ಎಂಬುದರಿಂದ ನಿಮಗೆ ಏನೂ ಪ್ರಯೋಜನವಿಲ್ಲ. ನಾನು ಎಲ್ಲೆಲ್ಲಿ ಎಡವಿದೆ ಎಂಬುದರಿಂದ ಇರಬಹುದು. ಕೊನೆಯ ಸಲ ಎಡವಿದ್ದು ಆ ಭಾನುವಾರ, ಅದೂ ನಿವೃತ್ತಿಯಾದ ಮೇಲೆ. ಅದು ಅರ್ಥವಾಗಬೇಕಾದರೆ ಮೊದಲಿನ ಎರಡು ಸಂಗತಿ ಹೇಳಬೇಕು.

ನನಗೆ ಕೆಲಸ ಕಲಿಸಿದವರು ಪುಟ್ಟಸ್ವಾಮಿ ಮೇಸ್ತ್ರಿ. ಈಗ ಇಲ್ಲ. ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಒಂದು ಕೆಲಸಕ್ಕೆ ಒಂದು ಮಾತು, ಅಷ್ಟೇ. ನಾನು ಸೇರಿದ ಎರಡನೇ ವರ್ಷ ಕಾಕನಕೋಟೆ ಕಡೆಯ ಒಂದು ಹಾಡಿಯಂಚಿನ ಊರಿನಲ್ಲಿ ಜೀಪೊಂದರ ಗೇರ್ ಆಯಿಲ್ ಬದಲಿಸಲು ನನ್ನೊಬ್ಬನನ್ನೇ ಕಳಿಸಿದರು. ಗೇರ್‌ಬಾಕ್ಸಿಗೆ ಎರಡು ಬಾಯಿ ಇರುತ್ತವೆ. ಕೆಳಗಿನದು ಹಳೆಯ ಆಯಿಲ್ ಇಳಿಸುವ ಬಾಯಿ, ಪಕ್ಕದ್ದು ಹೊಸದು ತುಂಬುವ ಬಾಯಿ. ನಾನು ಹೋದವನೇ ಕೆಳಗಿನ ನಟ್ ಬಿಚ್ಚಿ ಆಯಿಲ್ ಪೂರ್ತಿ ಇಳಿಸಿದೆ. ಆಮೇಲೆ ಪಕ್ಕದ ನಟ್ಟಿಗೆ ಸ್ಪ್ಯಾನರ್ ಹಾಕಿದರೆ ಅದು ತುಕ್ಕು ಹಿಡಿದು ಕೂತಿತ್ತು. ಬಡಿದೆ, ಕಾಯಿಸಿದೆ, ಸೀಮೆಎಣ್ಣೆ ಬಿಟ್ಟೆ. ಮೂಲೆಗಳೆಲ್ಲ ಸವೆದು ನಟ್ ಗುಂಡಗಾಯಿತು. ಜೀಪಿನಲ್ಲಿ ಆಯಿಲ್ ಇಲ್ಲ, ತುಂಬಲು ಬಾಯಿಲ್ಲ, ಓಡಿಸಿಕೊಂಡು ಹೋಗುವಂತೆಯೂ ಇಲ್ಲ.

ಎರಡು ದಿನ ಅದೇ ಮನೆಯಲ್ಲಿ ಉಳಿದೆ. ಮನೆಯ ಯಜಮಾನರು ಹೊತ್ತು ಹೊತ್ತಿಗೆ ಮುದ್ದೆ ಹಾಕಿಸಿದರು. ಎರಡನೇ ದಿನ ಮಧ್ಯಾಹ್ನ ಎಲೆ ಮುಂದೆ ಕೂತಾಗ ಕೇಳಿದರು:

"ಅಲ್ಲ ಕಣಪ್ಪ, ನೀನು ನಮ್ ಜೀಪ್ ಸರಿ ಮಾಡಾಕ್ ಬಂದ್ಯೋ, ನೆಂಟ್ರುಮನೆಗೆ ಬಂದ್ಯೋ?"

ನಾನು ತಲೆ ತಗ್ಗಿಸಿ ಮುದ್ದೆ ಮುರಿದೆ.

"ಇರ್ಲಿ, ತಿನ್ನು. ಇನ್ನೊಂದ್ ನಾಕ್ ದಿನ ಇದ್ರೆ ಹೆಣ್ಣೂ ನೋಡ್ಬುಡುವಾ," ಎಂದರು.

ಮೂರನೆಯ ದಿನ ಮೇಸ್ತ್ರಿ ಬಸ್ಸಿನಲ್ಲಿ ಬಂದಿಳಿದರು. ಗುಂಡಗಾದ ನಟ್ಟನ್ನು ಒಮ್ಮೆ ಸವರಿ ನೋಡಿದರು. ಜೀಪಿನ ಒಳಗೆ ಹತ್ತಿ, ಗೇರ್ ಲಿವರ್ ಬಿಚ್ಚಿ ತೆಗೆದು, ಆ ತೂತಿನಿಂದ ಆಯಿಲ್ ತುಂಬಿದರು. ಇಪ್ಪತ್ತು ನಿಮಿಷದ ಕೆಲಸ. ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದರು: "ತುಂಬೋ ಬಾಯಿ ಬಿಚ್ಚೋಕ್ ಮುಂಚೆ ಖಾಲಿ ಮಾಡೋ ಬಾಯಿಗೆ ಕೈ ಹಾಕ್ಬೇಡ ಕಣ್ಲಾ." ಆ ಮಾತನ್ನು ನಾನು ಒಮ್ಮೆಯೂ ಮೀರಲಿಲ್ಲ.

ಎರಡನೆಯದು ಹುಣಸೂರಿನಲ್ಲೇ ನಡೆದದ್ದು. ನಮ್ಮ ಊರಲ್ಲಿ ಮರ ಕೊಯ್ಯುವ ಮಿಲ್ಲುಗಳು ಬೇಕಾದಷ್ಟು. ಒಬ್ಬರು ಹಳೆಯ ವ್ಯಾನ್ ಕೊಂಡು ತಂದು, "ಗೇರ್ ಸದ್ದೇ ಇಲ್ಲ, ಬೆಕ್ಕಿನಂಗೆ ಓಯ್ತದೆ, ಆದ್ರೂ ಒಂದ್ಸಲ ಆಯಿಲ್ ಬದಲಾಯ್ಸಿ" ಎಂದರು. ಕೆಳಗಿನ ನಟ್ ಬಿಚ್ಚಿದರೆ ಆಯಿಲ್ ಇಳಿಯಲಿಲ್ಲ, ರಾಗಿ ಅಂಬಲಿಯಂಥದ್ದು ಇಳಿಯಿತು. ಮೇಸ್ತ್ರಿ ಬೆರಳಲ್ಲಿ ತೆಗೆದುಕೊಂಡು ಉಜ್ಜಿ ಮೂಸಿದರು. ಸವೆದ ಗೇರಿನ ಸದ್ದು ಅಡಗಲೆಂದು ಮಾರಿದವನು ಮರದ ಪುಡಿ ತುಂಬಿದ್ದ.

"ತೇಗದ ಪುಡಿ," ಎಂದರು ಮೇಸ್ತ್ರಿ.

ಕೊಂಡವರು ತಾವೂ ಒಮ್ಮೆ ಮೂಸಿ, "ತೇಗ ಅಂದ್ರೆ ವಾಸಿ ಬುಡಿ. ನೀಲಗಿರಿ ಪುಡಿ ಹಾಕಿದ್ರೆ ಮರ್ಯಾದೆ ಹೋಗದು," ಎಂದರು. ಮೇಸ್ತ್ರಿ ನಕ್ಕದ್ದನ್ನು ನಾನು ನೋಡಿದ್ದು ಆವತ್ತೊಂದೇ ಸಲ.

ಆ ವ್ಯಾನಿನ ಗೇರ್‌ಬಾಕ್ಸ್ ತೊಳೆದು ಹೊಸ ಆಯಿಲ್ ತುಂಬುವಾಗ ಅವರು ಎರಡನೆಯ ಮಾತು ಹೇಳಿದರು: "ಪಕ್ಕದ್ ಬಾಯಿಂದ ಆಚೆ ಸೋರ್ತು ಅಂದ್ರೆ ಮಟ್ಟ ಬಂತು, ಮುಚ್ಚು." ಅಳತೆ ಪಾತ್ರೆ ಬೇಡ, ಪುಸ್ತಕ ಬೇಡ. ಸೋರಿದರೆ ಸಾಕು. ನಾನು ಬಿಚ್ಚಿದ ಗೇರ್‌ಬಾಕ್ಸುಗಳ ಲೆಕ್ಕ ನನಗೇ ಇಲ್ಲ, ಅವುಗಳಲ್ಲಿ ಒಂದೂ ಈ ಮಾತನ್ನು ಸುಳ್ಳು ಮಾಡಲಿಲ್ಲ. ಒಂದು ಮಾತು ಮೂವತ್ತಾರು ವರ್ಷ ನಿಜವಾಗಿದ್ದರೆ, ಅದು ಎಲ್ಲಿಯವರೆಗೆ ನಿಜ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ನಿವೃತ್ತಿಯಾದ ಮೇಲೆ ಹೆಂಡತಿಯ ಊರಾದ ರಾವಂದೂರಿಗೆ ಬಂದು ನೆಲೆಸಿದೆ. ಅಲ್ಲಿ ಪರಿಚಯವಾದವರು ಸಾವಿತ್ರಮ್ಮ. ನಲವತ್ತೈದರ ಆಸುಪಾಸಿನವರು. ಟೊಮೆಟೊ, ಮೆಣಸಿನಕಾಯಿ, ಎಲೆಕೋಸಿನ ಸಸಿ ಬೆಳೆಸಿ ಟ್ರೇ ಲೆಕ್ಕದಲ್ಲಿ ಮಾರುತ್ತಾರೆ. ಚಿಕ್ಕಂದಿನಿಂದ ಅವರ ಎಡಗಾಲಿಗೆ ಬಲವಿಲ್ಲ. ಕ್ಲಚ್ ತುಳಿಯಲಾಗದು, ಹಾಗಾಗಿ ಸಾಮಾನ್ಯ ಕಾರು ಅವರಿಗೆ ಆಗದು. ಮೊದಲು ಸಸಿ ಸಾಗಿಸಲು ಯಾರದ್ದಾದರೂ ಆಟೋಗೋ ಟೆಂಪೋಗೋ ಕಾಯಬೇಕಿತ್ತು. ಗಾಡಿ ಬರುವುದು ತಡವಾದರೆ ಸಸಿ ಬಿಸಿಲಿಗೆ ಬಾಡುತ್ತಿತ್ತು. ನಾಲ್ಕು ವರ್ಷದ ಹಿಂದೆ ಒಂದು ಹಳೆಯ ಆಟೋಮ್ಯಾಟಿಕ್ ಕಾರು ಕೊಂಡರು. ಅದಕ್ಕೆ ಕ್ಲಚ್ ಇಲ್ಲ, ಬಲಗಾಲೊಂದಿದ್ದರೆ ಸಾಕು. ಹಿಂದಿನ ಸೀಟು ಬಿಚ್ಚಿಸಿ, ಅಲ್ಲಿ ಟ್ರೇ ಜೋಡಿಸಿಕೊಂಡು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಲ್ಲಾ ಕಡೆ ತಾವೇ ಹೋಗಿ ಬರುತ್ತಿದ್ದರು.

ಆ ಕಾರು ಜನವರಿ ಹೊತ್ತಿಗೆ ಎಗರಾಡಲು ಶುರುಮಾಡಿತು. ಗೇರ್ ಬೀಳುವಾಗ ಹಿಂದಿನಿಂದ ಯಾರೋ ಒದ್ದಂತೆ. ದೂರದ ಊರಿನ ಒಂದು ವರ್ಕ್‌ಶಾಪಿನವರು ಗೇರ್‌ಬಾಕ್ಸ್ ಪೂರ್ತಿ ಬದಲಿಸಬೇಕು ಎಂದಿದ್ದರು. ಅಷ್ಟು ಖರ್ಚು ಸಾವಿತ್ರಮ್ಮನ ಕೈಯಲ್ಲಿ ಆಗುವ ಮಾತಲ್ಲ.

ಸಂಕ್ರಾಂತಿಯ ಎಳ್ಳು ಕೊಡಲು ಮನೆಗೆ ಬಂದವರು ನಿಂತುಕೊಂಡೇ ಕೇಳಿದರು. "ನಂಜಣ್ಣ, ಅದರ ಆಯಿಲ್ ಯಾವತ್ತಾದರೂ ಬದಲಾಯ್ಸವ್ರೋ ಇಲ್ವೋ ಗೊತ್ತಿಲ್ಲ. ನೀವ್ ಒಂದ್ಸಲ ಮಾಡಿ ನೋಡ್ತೀರಾ?"

"ಆಟೋಮ್ಯಾಟಿಕ್ ನಾನು ಮುಟ್ಟಿಲ್ಲ ಕಣವ್ವ."

"ಮುಟ್ಟಿಲ್ದೋರು ವಸಿ ಹುಷಾರಾಗಿ ಮುಟ್ತಾರೆ ಬುಡಿ. ಇದು ಒಂಟೋದ್ರೆ ನಾನು ತಿರ್ಗ ರಸ್ತೇಲಿ ಕೈ ತೋರ್ಸ್ಕಂಡು ನಿಂತ್ಕಬೇಕು. ಅದೊಂದ್ ನಂಗೆ ಬ್ಯಾಡ."

ನಾನು ಒಪ್ಪಿದೆ. ಆ ಜಾತಿಯ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಆಯಿಲ್ಲನ್ನು ಮೈಸೂರಿನಿಂದ ತರಿಸಿದೆ. ಕಾರು ಸಮತಟ್ಟಾಗಿ ನಿಲ್ಲಬೇಕಾದ್ದರಿಂದ ಪಕ್ಕದ ಮನೆ ಬೋರೇಗೌಡರ ಕಣ ಕೇಳಿಕೊಂಡೆವು. ಹೊಗೆಸೊಪ್ಪು ಬೇಯಿಸುವ ಕಾಲ ಮುಗಿದು ಬ್ಯಾರನ್ ಖಾಲಿ ಇತ್ತು. ಬೋರೇಗೌಡರು ನನ್ನ ಓರಗೆಯವರು. ಯಾವ ಕೆಲಸ ನಡೆಯುತ್ತಿದ್ದರೂ ಪಕ್ಕದಲ್ಲಿ ನಿಂತು ಮಾತನಾಡಬೇಕು ಅವರಿಗೆ.

ನಾಲ್ಕು ಮೂಲೆಗೂ ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು ಕಾರನ್ನು ಒಂದೇ ಮಟ್ಟಕ್ಕೆ ಎತ್ತಿದೆ. ಬೋರೇಗೌಡರು ಸೌದೆ ದಿಮ್ಮಿ ಕೊಡಲು ಬಂದರು, ಬೇಡವೆಂದೆ. ಕಾರಿನ ಕೆಳಗೆ ಹೋಗುವವರು ದಿಮ್ಮಿ, ಇಟ್ಟಿಗೆ, ಸೈಜುಗಲ್ಲು ಯಾವುದನ್ನೂ ನಂಬಬಾರದು. ಈ ಗೇರ್‌ಬಾಕ್ಸಿಗೆ ಬಾಯಿ ಮೂರು. ಮೊದಲು ಮೇಲಿನ ತುಂಬುವ ಬಾಯಿ ಬಿಚ್ಚಿದೆ, ಆಮೇಲೆ ಪಕ್ಕದ ಮಟ್ಟದ ಬಾಯಿ, ಕೊನೆಗೆ ಕೆಳಗಿನದು. ಇಳಿದ ಆಯಿಲ್ ಕಪ್ಪಗಿತ್ತು, ಸೀದ ವಾಸನೆ ಇತ್ತು.

ಬೋರೇಗೌಡರು ಕುಕ್ಕರಗಾಲಲ್ಲಿ ಕೂತು ಎರಡು ಬೆರಳಲ್ಲಿ ಅದನ್ನು ಉಜ್ಜಿದರು, ಮೂಸಿದರು, ಬೆಳಕಿಗೆ ಹಿಡಿದರು. ಹೊಗೆಸೊಪ್ಪಿನ ಎಲೆ ನೋಡುವುದೂ ಹೀಗೆಯೇ.

"ಕಟ್ಟಕಡೇ ದರ್ಜೆ ಕಣ್ರೀ ಇದು. ಹರಾಜಿಗೆ ತಗಂಡೋದ್ರೆ ಗೇಟಿಂದ್ಲೇ ವಾಪಸ್ ಕಳುಸ್ತಾರೆ," ಎಂದು ತೀರ್ಪು ಕೊಟ್ಟರು.

ಗೋಡೆ ಬುಡದಿಂದ ಕೆಂಪಮ್ಮನ ದನಿ ಬಂತು. "ಚೆಲ್ಬ್ಯಾಡ್ರಪ್ಪ. ಬಾಗಲ ಚೌಕಟ್ಟಿಗೆ ಗೆದ್ಲು ಹಿಡ್ದದೆ, ಬಳ್ಕತೀನಿ."

ಇಳಿದದ್ದನ್ನು ಅಳೆದೆ. ಮೂರೂವರೆ ಲೀಟರ್. ಕೆಳಗಿನ ಬಾಯಿ ಮುಚ್ಚಿ, ಮೇಲಿನಿಂದ ಆಲಿಕೆ ಮತ್ತು ಕೊಳವೆ ಇಟ್ಟು ಹೊಸ ಆಯಿಲ್ ತುಂಬಿದೆ. ಇಂಜಿನ್ ಆಫ್ ಇತ್ತು. ಎರಡೂವರೆ ಲೀಟರ್ ಹೋಗುವಷ್ಟರಲ್ಲಿ ಪಕ್ಕದ ಬಾಯಿಂದ ಕೆಂಪಗೆ ಆಚೆ ಸೋರಿತು. ಮುಚ್ಚಿದೆ.

ಇಲ್ಲಿ ನಿಜ ಹೇಳಬೇಕು. ಕ್ಯಾನಿನಲ್ಲಿ ಆಯಿಲ್ ಹೆಚ್ಚು ಉಳಿದಿರುವುದು ನನ್ನ ಕಣ್ಣಿಗೆ ಬಿತ್ತು. ಮೂರೂವರೆ ಇಳಿದ ಕಡೆ ಎರಡೂವರೆ ಹೋಗಿದೆ, ಇನ್ನೊಂದು ಲೀಟರ್ ಎಲ್ಲಿ ಎಂದು ಮನಸ್ಸು ಕೇಳಿತು. ಅಳತೆ ಪಾತ್ರೆಯೇ ಸರಿಯಿಲ್ಲವೇನೋ ಎಂದು ನನಗೆ ನಾನೇ ಉತ್ತರ ಕೊಟ್ಟುಕೊಂಡೆ. ಪಾತ್ರೆ ಸರಿಯಾಗಿತ್ತು. ಎರಡು ಅಳತೆ ಹೊಂದದಿದ್ದಾಗ ಪಾತ್ರೆಯ ಮೇಲೆ ತಪ್ಪು ಹಾಕಬೇಡಿ.

ಕಾರು ಇಳಿಸಿದೆವು. ಸಾವಿತ್ರಮ್ಮ ಹತ್ತಿ ಕೂತು, ಇಂಜಿನ್ ಚಾಲೂ ಮಾಡಿ, ಮುಂದಿನ ಗೇರಿಗೆ ಹಾಕಿ ಇಳಿಜಾರಿನತ್ತ ತಿರುಗಿಸಿದರು. ಸದ್ದು ಕೇಳೋಣವೆಂದು ನಾನು ಮೊದಲೇ ಹೋಗಿ ಇಳಿಜಾರಿನ ನಡುವೆ ನಿಂತಿದ್ದೆ. ಕಾರು ಹತ್ತಿ ಬಂತು. ಮೇಲೆ ಹೇಳಿದ್ದೇ ಆಯಿತು.

ಎಳೆತ ತಪ್ಪಿದಾಗ ಯಾರಾದರೂ ಮಾಡುವುದನ್ನೇ ಸಾವಿತ್ರಮ್ಮ ಮಾಡಿದರು, ಇನ್ನಷ್ಟು ಆಕ್ಸಿಲರೇಟರ್ ಒತ್ತಿದರು. ಇಂಜಿನ್ ಇನ್ನೂ ಕೂಗಿತು. ಕಾರು ನನ್ನನ್ನು ದಾಟಿ ಹಿಂದಕ್ಕೆ ಇಳಿಯಿತು. ನಾನು ನಿಂತಲ್ಲೇ ನಿಂತಿದ್ದೆ. ಬೋರೇಗೌಡರು ದಿಮ್ಮಿಯೊಂದನ್ನು ಎತ್ತಿಕೊಂಡು ಓಡುತ್ತಿದ್ದರು, ಆದರೆ ಅವರು ಇದ್ದದ್ದು ಬಲಗಡೆ, ದೂರ. ಕೆಂಪಮ್ಮ ತಲೆ ಎತ್ತಿ ಬರುತ್ತಿರುವ ಕಾರನ್ನು ನೋಡಿದರು. ಏಳಲಿಲ್ಲ. ಎರಡು ಕೈಯಲ್ಲಿ ಅವರೆಕಾಯಿಯ ಮೊರ ಎತ್ತಿ ಮಗ್ಗುಲಿಗೆ ಇಟ್ಟುಕೊಂಡರು.

ಅಷ್ಟರಲ್ಲಿ ಸಾವಿತ್ರಮ್ಮನ ಬಲಗಾಲು ಬ್ರೇಕಿಗೆ ಬಂತು. ಕಾರು ನಿಂತಿತು. ಹಿಂದಿನ ಬಂಪರಿಗೂ ಕೆಂಪಮ್ಮನ ಮೊಣಕಾಲಿಗೂ ನಡುವೆ ಒಂದೂವರೆ ಗೇಣು. ಆಮೇಲೆ ನಾನೇ ನನ್ನ ಕೈಯಿಂದ ಅಳೆದೆ, ಎರಡು ಸಲ.

ಮೊದಲು ಮಾತನಾಡಿದವರು ಕೆಂಪಮ್ಮ. "ಏನವ್ವ ಸಾವಿತ್ರಿ, ಕಾಯಿ ಸುಲಿಯಾಕ್ ಬಂದ್ಯಾ? ಬಾ, ಕುಂತ್ಕ."

ಸಾವಿತ್ರಮ್ಮ ನಗಲಿಲ್ಲ. ಕಿಟಕಿಯಿಂದ ನನ್ನತ್ತ ನೋಡಿ ಕೇಳಿದರು: "ನಂಜಣ್ಣ, ಗೇರ್‌ಬಾಕ್ಸ್ ಹೋಯ್ತಾ?"

ಮೂವತ್ತಾರು ವರ್ಷದಲ್ಲಿ ಗಾಡಿಯ ಯಜಮಾನರು ಇಂಥ ಪ್ರಶ್ನೆ ಕೇಳಿದಾಗ ನಾನು ಏನಾದರೊಂದು ಉತ್ತರ ಕೊಡುತ್ತಿದ್ದೆ. ಆವತ್ತು, "ನಂಗೆ ಗೊತ್ತಿಲ್ಲ ಕಣವ್ವ," ಎಂದೆ. ಜೇಬಿನಿಂದ ಫೋನ್ ತೆಗೆದೆ.

ಫೋನ್ ಮಾಡಿದ್ದು ಲೋಕೇಶನಿಗೆ. ಒಂದು ಕಾಲದಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತವನು, ಈಗ ಮೈಸೂರಿನಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ನಡೆದದ್ದನ್ನೆಲ್ಲ ಬಿಡದೆ ಹೇಳಿದೆ.

"ಗುರುವೇ," ಎಂದ ಅವನು, ಮೆಲ್ಲಗೆ. "ಇಂಜಿನ್ ಆಫ್ ಮಾಡ್ಬುಟ್ಟು ತುಂಬುದ್ರಾ?"

"ಊಂ."

"ಪಕ್ಕದ್ ಬಾಯಿಂದ ಸೋರ್ತು, ಮುಚ್ಬುಟ್ರಿ."

"ಊಂ ಕಣೋ."

"ನೀವು ನಂಗೆ ಅಂಗೇ ಹೇಳ್ಕೊಟ್ಟಿದ್ರಿ. ನಾನೂ ಮೊದಲ್ನೇ ಗಾಡಿ ಅಂಗೇ ಕೆಡುಸ್ದೆ. ನಿಮ್ ಹೆಸ್ರು ಹೇಳ್ಳಿಲ್ಲ, ಬುಡಿ."

ಆಮೇಲೆ ವಿವರಿಸಿದ. ಇಂಜಿನ್ ತಿರುಗುವಾಗ ಈ ಜಾತಿಯ ಗೇರ್‌ಬಾಕ್ಸ್ ಕೆಳಗಿನ ಆಯಿಲ್ಲನ್ನು ಹೀರಿ ಒಳಗೆಲ್ಲ ತುಂಬಿಕೊಳ್ಳುತ್ತದೆ. ಆಫ್ ಇದ್ದಾಗ ಅದೆಲ್ಲ ಕೆಳಗೆ ಇಳಿದು ಕೂತು, ಮಟ್ಟ ಬಂದಂತೆ ಕಾಣುತ್ತದೆ. ಹಾಗಾಗಿ ಇಂಜಿನ್ ಓಡುತ್ತಿರುವಾಗಲೇ ಮಟ್ಟ ನೋಡಬೇಕು. ಬ್ರೇಕ್ ತುಳಿದುಕೊಂಡು ಎಲ್ಲಾ ಗೇರಿಗೂ ಒಮ್ಮೆ ಹಾಕಿ ತೆಗೆಯಬೇಕು. ಆಯಿಲ್ ಬಿಸಿ ನಲವತ್ತು ಡಿಗ್ರಿಗೆ ಬಂದಾಗ ಪಕ್ಕದ ಬಾಯಿಂದ ದಾರದಂತೆ ಸೋರಿದರೆ ಅದು ಮಟ್ಟ.

"ಗೇರ್‌ಬಾಕ್ಸ್ ಉಳ್ದದಾ?" ಎಂದು ಕೇಳಿದೆ.

"ಎಷ್ಟೊತ್ತು ಕೂಗಾಡ್ತು?"

"ಅರ್ಧ ನಿಮ್ಷ ಇಲ್ಲ."

"ಉಳ್ದಿರ್ತದೆ. ಆದ್ರೆ ನಲವತ್ತು ಅಂದ್ರೆ ನಲವತ್ತೇ ಗುರುವೇ. ನಮ್ಮತ್ರ ಅದ್ಕೆ ಮಿಷನ್ ಅದೆ. ನಿಮ್ಮತ್ರ ಏನದೆ?"

ನನ್ನ ಹತ್ತಿರ ಏನೂ ಇರಲಿಲ್ಲ. ಫೋನ್ ಇಟ್ಟ ಮೇಲೆ ಬೋರೇಗೌಡರು ಎದೆ ಉಬ್ಬಿಸಿ ಹೇಳಿದರು: "ಶಾಖ ತಾನೆ? ಶಾಖ ನೋಡಾಕೆ ನಂಗೆ ಮಿಷನ್ ಬೇಕಾ? ಮೂವತ್ ವರ್ಷದಿಂದ ಬ್ಯಾರನ್ ಕಾದಿವ್ನಿ."

ಬ್ಯಾರನ್ನಿಗೆ ಹೋಗಿ ಥರ್ಮಾಮೀಟರ್ ತಂದರು. ಗಾಜಿನ ಮೇಲೆಯೇ ಗೆರೆ ಕೊರೆದ ಉದ್ದನೆಯದು. ಹೊಗೆಸೊಪ್ಪು ಬೇಯುವಾಗ ಒಳಗಿನ ಶಾಖ ನೋಡಲು ಪ್ರತಿ ಬ್ಯಾರನ್ನಿನಲ್ಲೂ ಒಂದು ಇರುತ್ತದೆ. ಕಾರನ್ನು ಮತ್ತೆ ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಗೇರ್‌ಬಾಕ್ಸಿನ ಹೊಟ್ಟೆಗೆ ಅದರ ಬುಡ ತಾಗುವಂತೆ ಇಟ್ಟು ಬಟ್ಟೆ ಸುತ್ತಿ ಕಟ್ಟಿದೆ. ಐದು ನಿಮಿಷ ಬಿಟ್ಟು ಬೋರೇಗೌಡರು ಬಗ್ಗಿ ನೋಡಿದರು.

"ಎಂಬತ್ತೆರಡು."

"ಎರಡರಷ್ಟಾಯ್ತಲ್ರೀ," ಎಂದೆ.

"ಕೂಗಾಡ್ತಲ್ಲ, ಅದ್ಕೇ ಕಾದದೆ. ಆರ್ಲಿ ಇರಿ, ನಲವತ್ತಕ್ ಬರ್ಲಿ."

ನಾವು ಕೂತು ಕಾದೆವು. ನಾನು, ಎಷ್ಟೋ ಇಂಜಿನ್ ಬಿಚ್ಚಿದವನು. ಅವರು, ಮೂವತ್ತು ವರ್ಷ ಶಾಖ ನೋಡಿದವರು. ಕಾಲು ಗಂಟೆಗೆ ಎಂಬತ್ತೊಂದಾಯಿತು. ಅರ್ಧ ಗಂಟೆಗೆ ಎಂಬತ್ತು. ಅಲ್ಲಿಗೆ ನಿಂತಿತು. ಬೋರೇಗೌಡರು ಗೋಣಿಚೀಲ ನೆನೆಸಿ ತಂದು ಗೇರ್‌ಬಾಕ್ಸಿಗೆ ಹೊದಿಸಿದರು. ಎಪ್ಪತ್ತೆಂಟಾಯಿತು. ಆಮೇಲೆ ತಾಯಿಯ ಮೊರ ಇಸಿದುಕೊಂಡು ಕಾರಿನ ಪಕ್ಕ ಮಲಗಿ ಗಾಳಿ ಬೀಸಿದರು. ಅವರೆಕಾಯಿ ಸಿಪ್ಪೆ ಹಾರಿ ನನ್ನ ಮುಖಕ್ಕೆ ಬಿತ್ತು.

"ಏನ್ಲಾ ಅದು, ಕಾರಿಗೆ ಚಾಮರ ಬೀಸ್ತಿದ್ದೀಯ?" ಎಂದರು ಕೆಂಪಮ್ಮ.

"ಆರುಸ್ತಿದ್ದೀನಿ ಕಣವ್ವ. ನಲವತ್ತಕ್ ಬರ್ಬೇಕು."

"ನಮ್ ಬ್ಯಾರನ್ ಕಡ್ಡೀಲಿ ನಲವತ್ತು ಯಾವತ್ಲಾ ಬಂದಿತ್ತು?"

ಬೋರೇಗೌಡರು ಬೀಸುವುದನ್ನು ನಿಲ್ಲಿಸಿ ಯೋಚಿಸಿದರು. "ಬಂದಿಲ್ಲ," ಎಂದರು, "ಅದ್ಕೇ ಇಷ್ಟ್ ಕಷ್ಟ," ಎಂದು ಮತ್ತೆ ಬೀಸಿದರು.

ಸಾವಿತ್ರಮ್ಮ ಆವರೆಗೆ ಬ್ಯಾರನ್ ಮೆಟ್ಟಿಲ ಮೇಲೆ ಕೂತಿದ್ದರು. ಅವರ ಕಣ್ಣು ಕಾರಿನ ಮೇಲಿತ್ತು. ಈಗ ಎದ್ದು ಕುಂಟುತ್ತ ತಮ್ಮ ನರ್ಸರಿಯ ಕಡೆ ಹೋದರು. ಐದಾರು ನಿಮಿಷದಲ್ಲಿ ಇನ್ನೊಂದು ಥರ್ಮಾಮೀಟರ್ ಹಿಡಿದು ಬಂದರು. ಸಸಿಯ ನೆರಳುಮನೆಯಲ್ಲಿ ನೇತುಹಾಕಿದ್ದದ್ದು. ಬಗ್ಗಿ ಕಾರಿನ ಕೆಳಗೆ ಕೈ ಚಾಚಿ, ಅದನ್ನು ಬ್ಯಾರನ್ನಿನ ಥರ್ಮಾಮೀಟರಿನ ಪಕ್ಕದಲ್ಲಿ ಗೇರ್‌ಬಾಕ್ಸಿಗೆ ಸ್ವಲ್ಪ ಹೊತ್ತು ಒತ್ತಿ ಹಿಡಿದರು.

"ಬೋರಣ್ಣ, ನಿಮ್ದು ಎಷ್ಟು ತೋರುಸ್ತದೆ?"

"ಎಪ್ಪತ್ತೆಂಟು."

"ನಂದು ಇಪ್ಪತ್ತಾರು. ಒಂದೇ ಕಾರು, ಒಂದೇ ಹೊಟ್ಟೆ."

ನಾವಿಬ್ಬರೂ ಎರಡನ್ನೂ ನೋಡಿದೆವು.

"ನಿಮ್ದು ಬ್ಯಾರನ್ ಲೆಕ್ಕ, ಫ್ಯಾರನ್‌ಹೀಟು. ಲೋಕೇಶಪ್ಪ ಹೇಳಿದ್ದು ಸೆಂಟಿಗ್ರೇಡು. ನೀವು ಮುಕ್ಕಾಲು ಗಂಟೆಯಿಂದ ಕಾರ್ನ ಐಸ್ ಮಾಡಾಕ್ ಕುಂತಿದ್ದೀರ." ಆವತ್ತು ಬೆಳಗ್ಗೆಯಿಂದ ಅವರು ನಕ್ಕದ್ದು ಅದೇ ಮೊದಲು. ನಗು ಹಿಡಿಯಲಾಗದೆ ಬಾನೆಟ್ಟಿಗೆ ಒರಗಿಕೊಂಡರು. ನನಗೂ ಬಂತು. ಬೋರೇಗೌಡರು ಮೊರ ಎದೆಗೆ ಹಿಡಿದುಕೊಂಡು ಮಲಗಿದ್ದಲ್ಲೇ ನಕ್ಕರು.

ಸಾವಿತ್ರಮ್ಮ ಫೋನಿನಲ್ಲಿ ಲೆಕ್ಕ ಹಾಕಿದರು. "ನಲವತ್ತು ಅಂದ್ರೆ ನಿಮ್ ಕಡ್ಡೀಲಿ ನೂರ ನಾಕು."

ಬೋರೇಗೌಡರು ಎದ್ದು ಕೂತರು. "ನೂರ ನಾಕಾ? ಮೊದ್ಲೇ ಅಂಗಂತ ಹೇಳ್ಬಾರ್ದಾ? ಅದು ಸೊಪ್ಪು ಅರಿಶಿನಕ್ಕೆ ತಿರ್ಗೋ ಶಾಖ. ಅದ್ನ ಹಿಡ್ದು ನಿಲ್ಸಾದು ನಂಗ್ ಬುಡಿ."

ಆಮೇಲಿನ ಕೆಲಸ ನಿಧಾನವಾಗಿ, ಸರಿಯಾಗಿ ನಡೆಯಿತು. ಒದ್ದೆ ಚೀಲ ತೆಗೆದೆವು. ಸಾವಿತ್ರಮ್ಮ ಒಳಗೆ ಕೂತು, ಬ್ರೇಕ್ ತುಳಿದುಕೊಂಡು, ಇಂಜಿನ್ ಚಾಲೂ ಮಾಡಿದರು. ನಾನು ಮೊದಲು ಮೇಲಿನಿಂದ ಅರ್ಧ ಲೀಟರ್ ಹಾಕಿದೆ. ಆಮೇಲೆ ಅವರು ಒಂದೊಂದೇ ಗೇರಿಗೆ ಹಾಕಿ, ಗಟ್ಟಿಯಾಗಿ ಹತ್ತು ಎಣಿಸಿ, ಮುಂದಿನದಕ್ಕೆ ಹೋದರು. ಬೋರೇಗೌಡರು ನೆಲಕ್ಕೆ ಕೆನ್ನೆ ಒತ್ತಿ ಮಲಗಿ ಕೂಗಿ ಹೇಳುತ್ತಿದ್ದರು: ತೊಂಬತ್ತು, ತೊಂಬತ್ತಾರು, ನೂರು. ನೂರು ಆದಾಗ ಮಟ್ಟದ ಬಾಯಿ ಬಿಚ್ಚಿದೆ. ಒಂದು ಹನಿಯೂ ಬರಲಿಲ್ಲ. ಇನ್ನೊಂದು ಕಾಲು ಲೀಟರ್ ಹಾಕಿದೆ. ಇಲ್ಲ. ಇನ್ನೂ ಸ್ವಲ್ಪ ಹಾಕಿದೆ.

"ನೂರ ಮೂರು," ಎಂದರು. ಸ್ವಲ್ಪ ಹೊತ್ತಾದ ಮೇಲೆ, ಹೊಗೆಸೊಪ್ಪಿಗೆ ಹೇಳುವಂತೆ ಮೆಲ್ಲಗೆ, "ಬತ್ತು. ಈಗ ತಿರ್ಗ್ತದೆ ನೋಡಿ," ಎಂದರು.

ಪಕ್ಕದ ಬಾಯಿಂದ ಕೆಂಪು ದಾರ ಇಳಿಯಿತು. ಸಣ್ಣದು, ಅಲುಗಾಡದ್ದು. ಮುಚ್ಚಿದೆ. ಹಾಕಿದ್ದನ್ನೆಲ್ಲ ಕೂಡಿದರೆ ಇಳಿದಷ್ಟೇ ಆಯಿತು, ಮೂರೂವರೆ. ಒಂದು ಲೀಟರಿನ ವ್ಯತ್ಯಾಸವನ್ನು ಆವತ್ತು ಬೆಳಿಗ್ಗೆಯೇ ನಂಬಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

ಕಾರು ಇಳಿಸಿದ ಮೇಲೆ ನಾನೇ ಮೊದಲು ಓಡಿಸುತ್ತೇನೆಂದೆ. ತಪ್ಪು ನನ್ನದು, ಏನಾದರೂ ಆದರೆ ಒಳಗೆ ನಾನೇ ಇರಬೇಕು ಎಂದು.

"ಬ್ಯಾಡ," ಎಂದರು ಸಾವಿತ್ರಮ್ಮ. "ಇದು ಹತ್ತುತ್ತೋ ಇಲ್ವೋ ಅಂತ ನಂಗೇ ಗೊತ್ತಾಗ್ಬೇಕು. ಬೇರೆಯೋರು ಹತ್ಸಿ ತೋರಿಸಿದ್ರೆ ನಂಗೆ ನಂಬಿಕೆ ಬರಾಕಿಲ್ಲ."

ನಾನು ಒಂದು ಷರತ್ತು ಹಾಕಿದೆ. ಕೆಂಪಮ್ಮನನ್ನು ಅಲ್ಲಿಂದ ಎಬ್ಬಿಸಬೇಕು. ಅವರು ಏಳಲೊಪ್ಪಲಿಲ್ಲ, ಬಿಸಿಲು ಅಲ್ಲೇ ಚೆನ್ನಾಗಿದೆ ಎಂದರು. ಬೋರೇಗೌಡರೂ ನಾನೂ ಚಾಪೆಯ ಎರಡು ತುದಿ ಹಿಡಿದು, ಅವರು ಕೂತಂತೆಯೇ, ಮೊರದ ಸಮೇತ ಬ್ಯಾರನ್ನಿನ ಮೂಲೆಯಾಚೆಗೆ ಎಳೆದೆವು. "ಪಲ್ಲಕ್ಕಿ ಎತ್ತಿಬುಟ್ರಲ್ರೋ," ಎನ್ನುತ್ತ ದಾರಿಯುದ್ದಕ್ಕೂ ಕಾಯಿ ಸುಲಿದರು. ಇಳಿಜಾರಿನ ಬುಡದಲ್ಲಿ, ಕಾರಿನ ಹಿಂದೆ, ಎರಡು ದಿಮ್ಮಿ ಅಡ್ಡ ಹಾಕಿದೆವು. ನಾನು ಈ ಸಲ ನಡುವೆ ನಿಲ್ಲಲಿಲ್ಲ, ಮೇಲೆ ರಸ್ತೆಯ ಅಂಚಿಗೆ ಹೋಗಿ ನಿಂತೆ.

ಕಾರು ಹೊರಟಿತು. ಮೊದಲು ನಿಂತ ಜಾಗಕ್ಕೆ ಬಂದಾಗ ಸಾವಿತ್ರಮ್ಮ ತಾವಾಗಿ ಬ್ರೇಕ್ ಹಾಕಿ ನಿಲ್ಲಿಸಿದರು. ಅವರು ಬೇಕೆಂದೇ ನಿಲ್ಲಿಸಿದ್ದು. ನಡು ಇಳಿಜಾರಿನಿಂದ ಎಳೆದರೇ ಸರಿ ಎಂದು. ಬ್ರೇಕ್ ಬಿಟ್ಟರು. ಕಾರು ಒಂದು ಬೆರಳಿನಷ್ಟೂ ಹಿಂದಕ್ಕೆ ಜಾರಲಿಲ್ಲ. ಕೂಗಲಿಲ್ಲ, ಎಗರಲಿಲ್ಲ. ನನ್ನ ಮುಂದೆ ಹಾದು ರಸ್ತೆಗೆ ಏರಿ ಪಿರಿಯಾಪಟ್ಟಣದ ಕಡೆಗೆ ತಿರುಗಿತು.

ಇಪ್ಪತ್ತು ನಿಮಿಷ ಬರಲಿಲ್ಲ. ಬೋರೇಗೌಡರು, "ಎಲ್ಲಾದ್ರೂ ನಿಂತೋಯ್ತಾ?" ಎಂದು ಎರಡು ಸಲ ಕೇಳಿದರು. ನನ್ನ ಕಿವಿ ರಸ್ತೆಯ ಮೇಲಿತ್ತು. ಕಾರು ವಾಪಸ್ ಬಂದಾಗ ಸಾವಿತ್ರಮ್ಮ ಇಳಿಯಲಿಲ್ಲ. ಕಿಟಕಿ ಇಳಿಸಿ, "ಗೇರ್ ಬಿದ್ದಿದ್ದೇ ಗೊತ್ತಾಗಲ್ಲ ನಂಜಣ್ಣ. ನಾಕ್ ಸಲ ನಿಲ್ಸಿ ನಿಲ್ಸಿ ನೋಡ್ದೆ," ಎಂದರು. ಆಮೇಲೆ ಬೋರೇಗೌಡರತ್ತ ತಿರುಗಿ, "ಬೋರಣ್ಣ, ಟ್ರೇ ತುಂಬುಸಿ. ನಾಳೆ ಅಲ್ಲ, ಈಗ್ಲೇ ಒಯ್ತೀನಿ. ಕೆ.ಆರ್. ನಗರದೋರು ಮೂರ್ ದಿನದಿಂದ ಎಲೆಕೋಸಿನ ಸಸಿಗೆ ಕಾಯ್ತಾವ್ರೆ," ಎಂದರು.

ನಾವಿಬ್ಬರೂ ಟ್ರೇ ತುಂಬಿದೆವು. ನನ್ನ ಆಯಿಲ್ ಕೈಯಿಂದ ಒಂದೆರಡು ಟ್ರೇಗೆ ಕಪ್ಪು ಬೆರಳಚ್ಚು ಬಿತ್ತು.

ಹೊಸಬರಿಗೆ ಹೇಳುವುದು ಇಷ್ಟೇ. ಲೋಕೇಶನ ಬಳಿ ಇರುವ ಯಂತ್ರ ನಿಮಗೂ ಸಿಗುತ್ತದೆ, ನೀವು ಚಾಮರ ಬೀಸಬೇಕಾಗುವುದಿಲ್ಲ. ಆದರೆ ನಿಮ್ಮ ಕೈಗೂ ಒಂದಲ್ಲ ಒಂದು ದಿನ ನೀವು ಕಲಿಯದ ಗಾಡಿ ಬರುತ್ತದೆ. ಆವತ್ತು ಗೊತ್ತಿಲ್ಲವೆನ್ನುವುದನ್ನು ಗಾಡಿ ಇಳಿಜಾರು ಹತ್ತುವುದಕ್ಕೆ ಮುಂಚೆಯೇ ಹೇಳಿ. ನಾನು ಹೇಳಿದ್ದು ಆಮೇಲೆ. ಮೇಸ್ತ್ರಿಯ ಮಾತನ್ನು ನಾನು ಈಗಲೂ ದೂರುವುದಿಲ್ಲ. ಅವರು ಕಂಡ ಗೇರ್‌ಬಾಕ್ಸಿನ ಮಟ್ಟಿಗೆ ಅದು ಅಕ್ಷರಶಃ ಸರಿ. ಅವರು ಕಾಣದೇ ಇದ್ದುದಕ್ಕೆ ಅದನ್ನು ಹಾಕಿದವನು ನಾನು.

ಇದನ್ನು ಕಣ್ಣಾರೆ ಕಂಡವರು ನನ್ನನ್ನು ಬಿಟ್ಟರೆ ಮೂವರು, ಮೂವರೂ ಇದ್ದಾರೆ. ಲೋಕೇಶ ಕೇಳಿದ್ದು ಫೋನಿನಲ್ಲಿ, ಅವನನ್ನು ಸೇರಿಸುವುದಿಲ್ಲ. ಬೋರೇಗೌಡರು ಅದೇ ಮನೆಯಲ್ಲಿದ್ದಾರೆ. ಕೇಳಿದರೆ ಕಾರು ರಿಪೇರಿ ಮಾಡಿದ್ದೇ ತಾವು ಎಂದು ಹೇಳುತ್ತಾರೆ. ಕೆಂಪಮ್ಮನಿಗೆ ತೊಂಬತ್ತು ದಾಟಿದೆ. ಬಂಪರಿಗೂ ಮೊಣಕಾಲಿಗೂ ನಡುವೆ ನಾಲ್ಕು ಗೇಣಿತ್ತು, ನಂಜಣ್ಣ ಸುಮ್ಮನೆ ಹೆದರಿದ ಎನ್ನುತ್ತಾರೆ. ಒಂದೂವರೆ ಎಂದು ನಾನು ಅಳೆದದ್ದನ್ನು ಅವರು ಒಪ್ಪುವುದಿಲ್ಲ. ಸಾವಿತ್ರಮ್ಮನನ್ನೇ ಕೇಳಬೇಕೆಂದರೆ ಮುಂಜಾನೆ ಆರಕ್ಕೆ ಮುಂಚೆ ನರ್ಸರಿಗೆ ಹೋಗಿ. ಆಮೇಲೆ ಹೋದರೆ ಸಿಗುವುದಿಲ್ಲ, ಕಾರು ತೆಗೆದುಕೊಂಡು ಹೊರಟುಹೋಗಿರುತ್ತಾರೆ.